ಹಲ್ಲು ಕಚ್ಚುವ ಊರು

ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಎಂದಳು ಅಬೆನಾ ಸಿಸ್ಟರು,
ರಾತ್ರಿ ಎರಡೂಕಾಲಿಗೆ,
ಟಾರ್ಚಿನ ಬೆಳಕು ನನ್ನ ಕಣ್ಣಿಗೆ ಬೀಳದ ಹಾಗೆ
ಅಂಗೈಯಲ್ಲಿ ಮುಚ್ಚಿಕೊಂಡು.
ನಾಲ್ಕು, ಎಂದೆ.

ಸುಳ್ಳು.
ನಾಲ್ಕು ನಮ್ಮ ಕಡೆ ಮರ್ಯಾದೆಯ ಅಂಕಿ.
ಮೂರೆಂದರೆ, ಮತ್ತೆ ಮಲಗಿದ್ದೇಕೆ ಅನ್ನುತ್ತಾರೆ.
ಐದೆಂದರೆ, ಹೆಂಗಸು ಗಟ್ಟಿಯಿಲ್ಲ ಅನ್ನುತ್ತಾರೆ.

ಈ ಊರ ಹೆಸರು ಹಲ್.
ಹದಿನೇಳು ವರ್ಷದಿಂದ ಇಲ್ಲಿದ್ದೇನೆ,
ಕೊನೆಗೊಂದು ‘ಲು’ ಬಾಕಿಯಿತ್ತು,
ಇವತ್ತು ಸೇರಿಸಿ ಕಚ್ಚಿ ಹಿಡಿದಿದ್ದೇನೆ.
ದವಡೆ ಮರಗಟ್ಟಿದೆ.

ನಾನು ಟಪಾಲು ವಿಂಗಡಿಸುವವಳು.
ರಾತ್ರಿ ಪಾಳಿ, ಹತ್ತರಿಂದ ಆರು.
ನೋಡದೆಯೇ ಗೂಡಿಗೆ ಕಾಗದ ತೂರುವ ಕೈ ಇದು.
ನಿದ್ದೆ ಬಾರದೆ ನೋವನ್ನೂ ವಿಂಗಡಿಸಿದೆ:
ಹೊಲಿಗೆಯ ಹತ್ತಿರದ್ದು ಉರಿ.
ಅದರ ಕೆಳಗೆಲ್ಲೋ ಒದ್ದೆ ಬಟ್ಟೆ ಹಿಂಡಿದಂತೆ ಒಂದು ಕಿವುಚು.
ಸೊಂಟದ್ದು ಹಳೆಯದು, ತಿಂಗಳು ತಿಂಗಳು ಬರುತ್ತಿದ್ದದ್ದು,
ಮನೆ ಖಾಲಿಯಾದ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ,
ಬಾಗಿಲು ಬಡಿಯುತ್ತಲೇ ಇದೆ.
ಮತ್ತೆ ಬಲ ಹೆಗಲಲ್ಲಿ ಒಂದು ಚಳಕು.

ಹೆಗಲಿಗೇನಾಯಿತು? ಹೆಗಲನ್ನು ಯಾರೂ ಕೊಯ್ಯಲಿಲ್ಲವಲ್ಲ?
ಗಾಳಿ, ಎಂದಳು ಅಬೆನಾ.
ಕೊಯ್ಯುವ ಮುಂಚೆ ಹೊಟ್ಟೆಗೆ ಊದಿದ್ದು,
ಮೇಲೇರಿ ಅಲ್ಲಿ ಕಾಡುತ್ತಿದೆ.
ಅಂದರೆ ವಿಳಾಸ ತಪ್ಪಿದ ಕಾಗದ.
ಇಂಥವಕ್ಕೆ ನಮ್ಮಲ್ಲಿ ಬೇರೆಯೇ ಒಂದು ಗೂಡಿದೆ,
ವಾರಗಟ್ಟಲೆ ಬಿದ್ದಿರುತ್ತವೆ.
ಇದು ಎರಡು ಮೂರು ದಿನಕ್ಕೆ ಹೋಗುತ್ತದಂತೆ.

ಪೆಪ್ಪರ್‌ಮಿಂಟಿನ ನೀರು ತಂದಳು, ಬೆಚ್ಚಗೆ.
ಓಮದ ನೀರಿನ ದೂರದ ನೆಂಟ. ಕುಡಿದೆ.
ಬಂತೊಂದು ತೇಗು, ಇಡೀ ವಾರ್ಡಿಗೆ ಕೇಳುವಂಥದ್ದು.
ಭೇಷ್ ಎಂದಿತು ಪರದೆಯಾಚೆಯ ಹಾಸಿಗೆ.

ಅದು ಡೋರೀನ್. ಎಪ್ಪತ್ತೊಂದು.
ಶಾಲೆಯ ಮುಂದೆ ಕೋಲು ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವವಳು.
ಲಾರಿಗಳನ್ನೇ ನಿಲ್ಲಿಸಿದ್ದೇನೆ, ಈ ಹಾಳು ಗಾಳಿಯನ್ನು ನಿಲ್ಲಿಸಲಾಗುತ್ತಿಲ್ಲ
ಎಂದು ಸಂಜೆಯೆಲ್ಲ ನಗಿಸಿದ್ದಳು ಪಾಪಿ.
ನಗು ಬಂದರೆ, ಕೆಮ್ಮು ಬಂದರೆ
ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು.
ಒತ್ತಿಕೊಂಡೆ, ಎರಡೂ ಕೈಯಲ್ಲಿ, ಅವುಚಿ,
ಮಗುವನ್ನು—
ಇಲ್ಲ, ಹಾಗೇನಿಲ್ಲ. ದಿಂಬು ದಿಂಬೇ.
ಮಕ್ಕಳಿಬ್ಬರೂ ನನಗಿಂತ ಎತ್ತರ ಬೆಳೆದಿದ್ದಾರೆ.

ನನ್ನ ಮುಷ್ಟಿಯಲ್ಲಿ ಒಂದು ಗುಂಡಿ, ವಯರಿನ ತುದಿಗೆ.
ಒತ್ತಿದರೆ ತೊಟ್ಟು ಮಾರ್ಫಿನ್.
ಐದು ನಿಮಿಷಕ್ಕೆ ಒಂದೇ ಸಲ,
ನಡುವೆ ಎಷ್ಟು ಒತ್ತಿದರೂ ಯಂತ್ರ ಕಿವುಡು.
ಕಿವುಡೆಂದೇ ನಂಬಿದ್ದೆ.
ಅಬೆನಾ ಅದರ ಮುಖ ತಿರುಗಿಸಿ ಓದಿದಳು:
ಈ ಒಂದು ಗಂಟೆಯಲ್ಲಿ ಕೊಟ್ಟದ್ದು ಒಂಬತ್ತು,
ಒತ್ತಿದ್ದು ಮೂವತ್ತೊಂದು.

ಏನೂ ಅನ್ನಲಿಲ್ಲ.
ಕುರ್ಚಿ ಎಳೆದುಕೊಂಡು ಕೂತಳು,
ಅವಳ ಪಾಳಿಯೂ ನನ್ನದರ ಹಾಗೆಯೇ, ಕಾಲು ಊದಿದ್ದವು.

ಅವ್ವನಿಗೂ ಗರ್ಭಚೀಲ ತೆಗೆದರು, ಹಿರಿಯೂರಿನಲ್ಲಿ,
ನಾನಾಗ ಒಂಬತ್ತನೇ ಇಯತ್ತೆ.
ಹನ್ನೆರಡನೇ ದಿನ ಬೋರ್‌ವೆಲ್ಲಿನ ಹಿಡಿ ಜಗ್ಗುತ್ತಿದ್ದಳು,
ಪ್ರತಿ ಜಗ್ಗಿಗೂ ಒಂದು ಸಣ್ಣ ಹ್ಞಾ.
ಬಿಂದಿಗೆ ತುಂಬುವವರೆಗೆ ನಾನು ಪಕ್ಕದಲ್ಲೇ ನಿಂತಿದ್ದೆ.
ಎಷ್ಟು ಎಂದು ಯಾರೂ ಕೇಳಲಿಲ್ಲ ಅವಳನ್ನು.
ನಾನೂ ಕೇಳಲಿಲ್ಲ.
ಒತ್ತಿದ್ದನ್ನು, ಸಿಗದೇ ಹೋದದ್ದನ್ನು
ಬರೆದಿಡುವ ಯಂತ್ರ ಆ ಮನೆಯಲ್ಲಿ ಇರಲಿಲ್ಲ.

ಎಂಟು, ಎಂದೆ.
ಕನ್ನಡದಲ್ಲಿ ಅಂದುಬಿಟ್ಟೆ.
ಆಮೇಲೆ ಬೆರಳು ತೋರಿಸಿದೆ, ಎರಡೂ ಕೈಯೆತ್ತಿ,
ಗುಂಡಿ ಜಾರಿ ಹೊದಿಕೆಯ ಮೇಲೆ ಬಿತ್ತು.

ಅಬೆನಾ ಬರೆದುಕೊಂಡಳು. ಎದ್ದು ಡಾಕ್ಟರಿಗೆ ಫೋನು ಮಾಡಲು ಹೋದಳು.
ಅವಳ ಚಪ್ಪಲಿಯ ಸದ್ದು ದೂರವಾಗುವಾಗ
ದವಡೆ ತಾನಾಗಿ ಸಡಿಲಿತು.

ಪರದೆಯಾಚೆಯಿಂದ ಡೋರೀನ್:
ನನ್ನದು ಆರೂವರೆ,
ಯಾರಿಗಾದರೂ ಬೇಕಿದ್ದರೆ.