ಹತ್ತರಲ್ಲಿ ಎಷ್ಟು

ಒಂದನೇ ಕ್ಲಾಸಿನಲ್ಲಿ ಸ್ಕೇಲ್ ಎಂದರೆ
ಶೇಟ್ ಮಾಸ್ತರರ ಕೈಯ ಮರದ ಪಟ್ಟಿ.
ಗೆರೆಗೂ ಅದೇ, ಏಟಿಗೂ ಅದೇ.
ಆಮೇಲೆ ಭೂಗೋಳದ ಪಿರಿಯಡ್ಡಿನಲ್ಲಿ
ಕೋಡಿಬಾಗದಿಂದ ಬೈತಖೋಲಕ್ಕೆ ಬೆರಳಗಲ,
ಆಯಿ ಖಾಲಿ ಬುಟ್ಟಿ ಹೊತ್ತು
ಬೆಳಗಿನ ನಾಲ್ಕಕ್ಕೆ ನಡೆಯುವ ಬೆರಳಗಲ.
ಅರ್ಗಾದಲ್ಲಿದ್ದ ನಮ್ಮ ಹಳೇ ಮನೆ ಹುಡುಕಿದೆ.
'ಈ ಸ್ಕೇಲಿಗೆ ಅಷ್ಟು ಸಣ್ಣದು ಕಾಣೂದಿಲ್ಲ' ಅಂದರು.

ಪಿಯುಸಿಗೆ ಬಂದೆ, ಎಲ್ಲ ಇಂಗ್ಲಿಷು.
ಫಿಸಿಕ್ಸ್ ಲ್ಯಾಬಿನಲ್ಲಿ ಸ್ಕೇಲಿನ ಮೇಲೊಂದು ಸ್ಕೇಲ್ ಜಾರುತ್ತದೆ,
ಕೂದಲೆಳೆಯಷ್ಟು ತಪ್ಪಿದರೂ
ಆ ತಪ್ಪಿಗೊಂದು ಹೆಸರುಂಟು.
ಮಹಡಿಯಲ್ಲಿ ಹಾರ್ಮೋನಿಯಂ.
'ನಿನ್ನ ಸ್ಕೇಲ್ ಯಾವುದು?' ರೇವಣಕರ ಮಿಸ್ ಕೇಳಿದರೆ
'ಹನ್ನೆರಡು ಇಂಚು' ಅಂದು ನಗೆಪಾಟಲಾದೆ.
ಮಾವ ನೌಕಾನೆಲೆಯಲ್ಲಿ ಹುಲ್ಲು ಕೊಯ್ಯುತ್ತಾನೆ,
ಹನ್ನೊಂದು ವರ್ಷವಾಯಿತು, ಇನ್ನೂ ಸ್ಕೇಲಿಗೆ ಬಂದಿಲ್ಲ.

ಬಯಾಲಜಿಯಲ್ಲಿ ಮಾತ್ರ ಕೈ ಎತ್ತಿದೆ.
ಗೊತ್ತು ಸರ್, ಹುರುಪೆ.
ನಮ್ಮ ಹೊಸ್ತಿಲಲ್ಲಿ, ಸಾಬೂನಿನಲ್ಲಿ, ಈ ನೋಟ್‌ಬುಕ್ಕಿನ ನಡುವೆ,
ಆಯಿಯ ಮೊಣಕೈಯಲ್ಲಿ, ತೊಳೆದರೂ ಹೋಗದ್ದು.
ಸೂಕ್ಷ್ಮದರ್ಶಕದಡಿ ಅದರಲ್ಲಿ ಉಂಗುರಗಳು.
ಎಣಿಸಿದರೆ ಮೀನಿನ ವಯಸ್ಸು ಸಿಗುತ್ತದಂತೆ.

ಆಯಿಯ ವಯಸ್ಸು ಯಾರೂ ಎಣಿಸಿಲ್ಲ.
ಜಿಲ್ಲಾಸ್ಪತ್ರೆಯ ಚೀಟಿಯಲ್ಲಿ
ನಲವತ್ತೈದು ಅಂತ ನಾನೇ ಬರೆಸಿದೆ.
ಡಾಕ್ಟರು ಹೊಸಬರು, ಕನ್ನಡ ಬಾರದು, ಕೊಂಕಣಿಯೂ.
ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು,
ಒಂದರಿಂದ ಹತ್ತರ ಸ್ಕೇಲಿನಲ್ಲಿ ನೋವು ಎಷ್ಟು?
'ಹತ್ತರಲ್ಲಿ ಎಷ್ಟು, ಹೇಳು' ಅಂದೆ ಆಯಿಗೆ.

ಆಯಿಯ ಹತ್ತಿರ ತಕ್ಕಡಿಯೇ ಇಲ್ಲ.
ನೊಗ್ಲಿಯಾದರೆ ಎಣಿಸಿ, ತಾರ್ಲೆಯಾದರೆ ಗುಪ್ಪೆ,
ಹೊತ್ತು ಇಳಿದರೆ ಗುಪ್ಪೆಯ ಮೇಲೆ ಇನ್ನೊಂದು ಹಿಡಿ.
ಡಾಕ್ಟರ ಮುಖ ನೋಡಿದಳು,
ಗಿರಾಕಿಯ ಮುಖ ನೋಡುವ ಹಾಗೆ.
ಸೊಂಟದ ಮೇಲಿನ ಕೈ ತೆಗೆಯದೆ
'ಮೂರು' ಅಂದಳು.
ಸಂಜೆ ಏಳರ ದರ ಅದು.
ಉಳಿದದ್ದು ಕೊಟ್ಟು ಬುಟ್ಟಿ ಕೊಡವಿ ಏಳುವ ದರ.

ನಾನು 'ಏಟ್' ಅಂದೆ.
ಕನ್ನಡದಲ್ಲಿ ಕೇಳಿಸಿಕೊಂಡರೂ ಅದು ಸುಳ್ಳಲ್ಲ.
ಅವರು ಬರೆದುಕೊಂಡರು.

ಹೊರಗೆ ಗಾಳಿಮರದ ಬುಡದಲ್ಲಿ
ಸೆರಗಿನ ಗಂಟು ಬಿಚ್ಚಿ
ಬಸ್ಸಿನ ಚಿಲ್ಲರೆ ಎಣಿಸುತ್ತ ಕೇಳಿದಳು:
'ಎಷ್ಟಕ್ಕೆ ಕೊಟ್ಟೆ?'
'ಎಂಟಕ್ಕೆ.'
ಸ್ವಲ್ಪ ಹೊತ್ತು ಸಮುದ್ರ ನೋಡಿದಳು.
'ಅಡ್ಡಿಲ್ಲ,' ಅಂದಳು,
'ಮನೆಗೆ ಎರಡು ಉಳೀತು.'