ನೆಲ ಸುರಿಯುವುದು

ಎಪಿಎಂಸಿ ಯಾರ್ಡಿನ ಎದುರು, ತಕ್ಕಡಿ ರಿಪೇರಿ ಅಂಗಡಿಯ ಅಟ್ಟದಲ್ಲಿ
ರಾತ್ರಿ ಹತ್ತಕ್ಕೆ ನಾನು ನೆಲ ಸುರಿಯುತ್ತಿದ್ದೇನೆ.
ತಾಮ್ರದ ನೆಲ. ಇನ್ನೂ ತಾಮ್ರವಾಗದ,
ಪರದೆಯ ಮೇಲೆ ಬರೀ ನೀಲಿಯಾಗಿರುವ ನೆಲ.
ಕೆಳಗೆ ಇಮ್ತಿಯಾಜ್ ಸಾಬರು ಷಟರ್ ಅರ್ಧ ಎಳೆದು
ಯಾರಿಗೂ ಬೇಡವಾದ ಹಿತ್ತಾಳೆ ಬಟ್ಟುಗಳಿಗೆ ಹುಣಸೆಹಣ್ಣು ಹಚ್ಚುತ್ತಿದ್ದಾರೆ.
ಉಜ್ಜಿ ಉಜ್ಜಿ ಅವೂ ಒಂದೆರಡು ಗುಂಜಿ ಸವೆದಿರಬೇಕು.

ಸೋಮವಾರ ಕಂದಲಿಯ ನಿಂಗಾಜಮ್ಮ
ನಾನು ಮಾಡಿದ ಯಂತ್ರದ ಮೇಲೆ ಆಲೂಗೆಡ್ಡೆ ಇಳಿಸಿದಳು.
ಐವತ್ತು ಕಿಲೋ ಇನ್ನೂರು. ಐವತ್ತು ಎಪ್ಪತ್ತು.
ನಲವತ್ತೊಂಬತ್ತು ಒಂಬೈನೂರು. ಮತ್ತೆ ಐವತ್ತು.
ಮೂಟೆ ಅಲುಗಲಿಲ್ಲ, ಅಂಕಿ ನಿಲ್ಲಲಿಲ್ಲ.
"ನನ್ ಗೆಡ್ಡೆ ಏನ್ ಉಸುರಾಡ್ತಾವಾ ಮಗಾ?" ಅಂದಳು.
ನಗುತ್ತಾ ಅಂದಿದ್ದರೆ ಚೆನ್ನಾಗಿತ್ತು.
ದಲ್ಲಾಳಿ ಕಡಿಮೆ ಅಂಕಿ ಬಂದ ಗಳಿಗೆ ನೋಡಿ ಬರೆದುಕೊಂಡ.

ತಪ್ಪು ನನ್ನದು.
ಲೋಡ್ ಸೆಲ್ಲು ಆಡುವುದು ಪಿಸುಮಾತು,
ಮಿಲಿವೋಲ್ಟನ್ನು ಸಾವಿರ ಹೋಳು ಮಾಡಿದರೆ ಒಂದು ಹೋಳಿನಷ್ಟು.
ಅದು ಎಷ್ಟು ಎನ್ನುವ ಮೊದಲು
ಯಾವುದಕ್ಕಿಂತ ಎಷ್ಟು ಎನ್ನಬೇಕು.
ಸೊನ್ನೆಗೂ ಕೂರಲು ಜಾಗ ಬೇಕು.
ನಾನು ಕೊಟ್ಟಿದ್ದು ಬೋರ್ಡಿನ ಅಂಚಿಗೆ ಒಂದು ಸಣಕಲು ಗೆರೆ.
ಡಿಸ್ಪ್ಲೇಯ ಕರೆಂಟೂ ಅದರಲ್ಲೇ ವಾಪಸ್ಸು, ಬಝರಿನದೂ ಅದರಲ್ಲೇ,
ಸಂತೆ ಮುಗಿದ ಮೇಲೆ ಕೊನೆಯ ಬಸ್ಸಿಗೆ ನುಗ್ಗಿದ ಜನದ ಹಾಗೆ.
ಎಲ್ಲರೂ ತುಳಿದು ಹೋಗುವಾಗ
ಸೊನ್ನೆ ಹೇಗೆ ಸುಮ್ಮನೆ ಕೂತಿರುತ್ತದೆ?

ಪಾಲಿಟೆಕ್ನಿಕ್ಕಿನಲ್ಲಿ ನಮಗೆ ಗುರುತು ಮಾತ್ರ ಕಲಿಸಿದರು:
ಮೂರು ಅಡ್ಡಗೆರೆ, ಒಂದಕ್ಕಿಂತ ಒಂದು ಮೋಟು.
ಅದರ ಕೆಳಗೇನಿದೆ ಎಂದು ಯಾರೂ ಕೇಳಲಿಲ್ಲ.
ಕರೆಂಟಿನ ಜವರಯ್ಯನಿಗೆ ಗೊತ್ತಿತ್ತು.
ಅಂಗಡಿಯ ಹಿಂದೆ ಆಳುದ್ದ ಗುಂಡಿ ತೋಡಿ
ಉಪ್ಪು ಒಂದು ವರಸೆ, ಇದ್ದಿಲು ಒಂದು ವರಸೆ ಹಾಕಿ,
ಪೈಪು ನಿಲ್ಲಿಸಿ, ಬೀಡಿ ಹಚ್ಚಿ ಹೇಳಿದ್ದ:
"ಬ್ಯಾಸ್ಗೇಲಿ ವಾರಕ್ಕೊಂದ್ ಕೊಡ ನೀರು ಹುಯ್ಯವ್ವ.
ಒಣಗಿದ್ ನೆಲ ಏನೂ ಈಸ್ಕಳಲ್ಲ."

ಈಗ ಕೆಳಪದರ ಆರಿಸಿ, ಅಂಚಿನ ಸುತ್ತ ಬೇಲಿ ಎಳೆದು,
ಗ್ರೌಂಡ್ ಎಂದು ಹೆಸರಿಟ್ಟು, ಒಂದು ಕೀಲಿ ಒತ್ತುತ್ತೇನೆ.
ನೀಲಿ ಹರಿಯುತ್ತದೆ.
ಪರರ ಕಾಲು ಕಂಡಲ್ಲಿ ಕೂದಲೆಳೆ ದೂರ ನಿಲ್ಲುತ್ತದೆ, ಮಡಿ ಉಟ್ಟವರ ಹಾಗೆ.
ತನ್ನದೇ ಕಾಲನ್ನೂ ಪೂರ್ತಿ ಅಪ್ಪುವುದಿಲ್ಲ,
ನಾಲ್ಕು ತೆಳು ತೋಳಲ್ಲಿ ಹಿಡಿಯುತ್ತದೆ, ಅಷ್ಟೆ.
ಪೂರ್ತಿ ಅಪ್ಪಿದರೆ ಕಾವೆಲ್ಲ ನೆಲವೇ ಕುಡಿದು
ಬೆಸುಗೆ ಕೂರುವುದಿಲ್ಲ.
ಇದನ್ನು ಕಲಿಸಿದ್ದು ಹಾಳಾದ ಮೂರು ಬೋರ್ಡು, ಬೊಬ್ಬೆ ಎದ್ದ ಒಂದು ಬೆರಳು.

ಮೇಲ್ಪದರದಲ್ಲೂ ಸುರಿದೆ. ಅಲ್ಲಿ ಒಂದು ಮೂಲೆಯಲ್ಲಿ,
ಡಿಸ್ಪ್ಲೇಯ ಗೆರೆಗಳ ನಡುವೆ, ಒಂದು ತುಂಡು ಉಳಿದುಕೊಂಡಿತು.
ಬಣ್ಣ ನೆಲದ್ದೇ, ನಂಟು ಯಾವುದರ ಜೊತೆಗೂ ಇಲ್ಲ.
ಹಾಗೇ ಬಿಟ್ಟರೆ ಪಕ್ಕದ ವೆಲ್ಡಿಂಗಿನ ಚಿಟಪಟ ಎಲ್ಲ ಕೇಳಿಸಿಕೊಂಡು
ಒಳಗೊಳಗೇ ಗುನುಗುತ್ತದೆ.
ಅಳಿಸಲೇ, ಎಂದು ಕೇಳಿತು ಯಂತ್ರ.
ಬೇಡ. ಎರಡು ತೂತು ಕೊರೆದು
ಕೆಳಗಿನ ನೆಲಕ್ಕೆ ಹೊಲಿದೆ,
ಬಿಚ್ಚಿಕೊಂಡ ಚೀಲದ ಬಾಯಿಗೆ ದಬ್ಬಣ ಹಾಕಿದ ಹಾಗೆ.

"ಆಯ್ತಾ ಬೇಟಾ?" ಕೆಳಗಿನಿಂದ ಸಾಬರು.
ಏನು ಹೇಳಲಿ. ಇಷ್ಟು ಹೊತ್ತು ಮಾಡಿದ್ದು
ಏನೂ ಇಲ್ಲದ ಕಡೆ ಏನೂ ಇಲ್ಲದ್ದನ್ನು ತುಂಬುವ ಕೆಲಸ.
ಹನ್ನೊಂದು ದಿನಕ್ಕೆ ಬೋರ್ಡು ಬರುತ್ತದೆ. ಆಮೇಲೆ ನೋಡಬೇಕು
ನಿಲ್ಲುತ್ತದೋ ಇಲ್ಲವೋ.

ಮೂಟೆಗೆ ಮುನ್ನೂರು ಗ್ರಾಂ, ಹನ್ನೊಂದು ಮೂಟೆ, ಕಿಲೋ ಹದಿನೆಂಟು.
ಬೋರ್ಡಿನ ಮೂಲೆಯಲ್ಲಿ, ಮಾಡಿದವರು ತಮ್ಮ ಹೆಸರು ಹಾಕುವ ಕಡೆ,
ನಿಂಗಾಜಮ್ಮ ಎಂದು ಬರೆಯಹೋದೆ.
ಈ ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲ,
ಒತ್ತಕ್ಷರ ಒಡೆದು ಸಾಲಾಗಿ ಖಾಲಿ ಚೌಕಗಳು ನಿಂತವು.
ಅಳಿಸಿ, 59.40 ಎಂದಷ್ಟೇ ಬರೆದೆ.
ಕೊಂಡವರು ಅದನ್ನು ಮಾಡೆಲ್ ನಂಬರ್ ಅಂದುಕೊಳ್ಳಲಿ.