ಷರಾ

ಮೊದಲು ಬಂದದ್ದು ವಾಸನೆ.
ಆಗಸ್ಟಿನ ಕೊನೆಯ ವಾರ, ರಾತ್ರಿಪಾಳಿ ಮುಗಿಸಿ
ಟೈನ್ ನದಿಯ ದಂಡೆ ಹಿಡಿದು ಬರುತ್ತಿದ್ದೆ,
ಹೆಕ್ಸಮ್ಮಿನ ಆ ಕಾಲುದಾರಿಯಲ್ಲಿ
ಹೋತ ಕಟ್ಟಿದ ಕೊಟ್ಟಿಗೆಯ ಘಾಟು.
ಸುತ್ತ ನೋಡಿದೆ. ಹೋತವಿಲ್ಲ.
ಒಂದು ಮುದಿ ವಿಲೋ ಮರ,
ಬ್ಯಾಟಿಗೆ ಆಗುವ ಜಾತಿಯಲ್ಲ, ಸುಮ್ಮನೆ ನೀರಿಗೆ ಬಾಗಿದ್ದು.
ಅದರ ಬುಡದಿಂದ ದಾರಿಗಿಳಿದು
ನನ್ನ ನಡುಬೆರಳಿಗಿಂತ ಉದ್ದದ ಹುಳು,
ಬೀಟ್‌ರೂಟ್ ಬೆನ್ನು, ಕರಿ ತಲೆ,
ಬಸ್ಸು ತಪ್ಪಿದವರ ಹಾಗೆ ಹೊರಟಿತ್ತು.

ಊಟದ ಡಬ್ಬಿ ಖಾಲಿಯಿತ್ತು. ಅದರಲ್ಲೇ ತಂದೆ.

ನಾನು ಹಲಗೆ ಕಾರ್ಖಾನೆಯವಳು:
ಮರ ಪುಡಿಯಾಗಿ ಬರುತ್ತದೆ, ಅಂಟು ಬೆರೆತು ಹಲಗೆಯಾಗಿ ಹೋಗುತ್ತದೆ,
ನಡುವೆ ನಿಂತು ದಪ್ಪ ಅಳೆಯುವುದು ನನ್ನ ಕೆಲಸ.
ಹುಳುವಿಗೂ ಒಂದು ಹಿಡಿ ಗರಗಸದ ಹೊಟ್ಟು ಕೊಟ್ಟೆ.
ಅದು ಹೊಟ್ಟನ್ನು ನೂಲಿನಲ್ಲಿ ಹೆಣೆದು
ತನ್ನ ಹಲಗೆ ತಾನೇ ಮಾಡಿಕೊಂಡು ಒಳಗೆ ಮಲಗಿತು,
ಅಂಟಿಲ್ಲದೆ, ಮೇಸ್ತ್ರಿಯಿಲ್ಲದೆ.
ಚಳಿಗಾಲವೆಲ್ಲ ಡಬ್ಬಿ ಶೆಡ್ಡಿನಲ್ಲಿ,
ನನ್ನ ಊಟ ಪ್ಲಾಸ್ಟಿಕ್ ಚೀಲದಲ್ಲಿ.

ಜೂನ್ ಹನ್ನೊಂದು. ಮುಚ್ಚಳ ತೆಗೆದರೆ
ತೊಗಟೆಯ ಒಂದು ಚೂರು ನಡುಗುತ್ತಿತ್ತು.

ಡಾಡ್ಸ್ ಈ ಜಿಲ್ಲೆಯ ಪತಂಗಗಳ ಶಾನುಭೋಗರು, ಸಂಬಳವಿಲ್ಲದವರು.
ಎಂಬತ್ತರ ಹತ್ತಿರ. ಕಿವಿ ಮಂದ, ಮೂಗು ಚುರುಕು.
ಡಬ್ಬಿ ತೆರೆಯುವ ಮೊದಲೇ ಹೆಸರು ಹೇಳಿದರು:
ಕಾಸಸ್ ಕಾಸಸ್.
ಒಂದು ಕೂಗಿಗೆ ಓಗೊಡದ ಮಗುವನ್ನು ಎರಡು ಸಲ ಕರೆದ ಹಾಗೆ.
ಬಡಗಿ ಪತಂಗಗಳ ಕುಲ; ಜನರ ಬಾಯಲ್ಲಿ ಆಡು-ಪತಂಗ.
ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ ನಾವು ಎಂದೆ.
ಈ ಆಡು ಸೊಪ್ಪು ಮುಟ್ಟುವುದೇ ಇಲ್ಲ ಎಂದರು:
ನಾಲ್ಕು ವರ್ಷ ಕತ್ತಲಲ್ಲಿ ಕಟ್ಟಿಗೆ ತಿಂದು
ರೆಕ್ಕೆ ಬಂದ ಮೇಲೆ ಬಾಯಿಗೆ ಬೀಗ.

ನಕ್ಷೆ ಹರಡಿದರು.
ಯಾರೋ ಚುಕ್ಕೆ ಇಟ್ಟು
ಗೆರೆ ಎಳೆಯದೆ ಎದ್ದುಹೋದ ರಂಗೋಲಿ.
ನಮ್ಮ ಚೌಕ ಬಿಳಿ.

ರಿಜಿಸ್ಟರ್ ಬಂತು. ತಾರೀಖು, ಸ್ಥಳ. ಸಂಖ್ಯೆ: ಒಂದು.
ಕಂಡವರ ಹೆಸರು? ದಾಕ್ಷಾಯಿಣಿ.
ಲ್ಯಾಟಿನ್ನನ್ನು ತಡವರಿಸದೆ ಬರೆದವರು
ನನ್ನ ಕಾಗುಣಿತಕ್ಕೆ ಮೂರು ಸಲ ಪೆನ್ಸಿಲ್ ನೆಕ್ಕಿದರು.
ಕೊನೆಯಕ್ಷರ ಗೆರೆ ದಾಟಿ
ಷರಾ ಕಾಲಮ್ಮಿನೊಳಗೆ ಕಾಲಿಟ್ಟಿತು.

ಆಮೇಲೆ ಕೇಳಿದರು:
ನಿಮ್ಮ ಕಾರ್ಖಾನೆಗೆ ದಿಮ್ಮಿ ಎಲ್ಲಿಂದ ಬರುತ್ತದೆ?
ಲಾರಿಯಲ್ಲಿ ಎಂದೆ. ಎಲ್ಲೆಲ್ಲಿಂದಲೋ. ಹಡಗಿನಲ್ಲೂ.
ಷರಾದಲ್ಲಿ ಬರೆದರು:
ಇಲ್ಲಿಯದೋ, ಸರಕಿನ ಜೊತೆ ಬಂದದ್ದೋ?
ಪತಂಗದ ಬಗ್ಗೆಯೇ ಬರೆದದ್ದು, ನನಗೆ ಗೊತ್ತು.
ಆದರೂ ಆ ಪ್ರಶ್ನೆಯ ಕೊಕ್ಕೆ
ನನ್ನ ಹೆಸರಿನ ಬಾಲಕ್ಕೇ ತಗುಲಿತ್ತು.

ಮರುದಿನ ವಿಲೋ ಮರಕ್ಕೆ ಇಬ್ಬರೂ ಹೋದೆವು.
ಅವರು ಮಂಡಿಯೂರಲಾರರು; ನಾನು ಊರಿದೆ.
ತೂತುಗಳು. ಕಿರುಬೆರಳು ಹೋಗುವಷ್ಟು.
ಎಣಿಸಿ ಎಂದರು. ಇಪ್ಪತ್ತಮೂರು.
ಹೊಸವೆಷ್ಟು, ಹಳೆಯವೆಷ್ಟು?
ಹಳೆಯವುಗಳ ಸುತ್ತ ತೊಗಟೆ ತುಟಿಯಂತೆ ಮಡಚಿ ಬೆಳೆದಿತ್ತು,
ಕೆಲವು ಪಾಚಿ ಹಿಡಿದಿದ್ದವು,
ನಾನು ಈ ದೇಶಕ್ಕೆ ಬರುವ ಮುಂಚಿನವು,
ಬಹುಶಃ ಕಾರ್ಖಾನೆಗೂ ಮುಂಚಿನವು.
ಹೊಸದು ಅಂದದ್ದು ನಮ್ಮ ಪುಸ್ತಕಕ್ಕೆ.
ಮರವನ್ನು ಯಾರೂ ಕೇಳಿರಲಿಲ್ಲ.

ಡಾಡ್ಸ್ ಷರಾವನ್ನು ಉಜ್ಜಿ ಅಳಿಸಿದರು. ಕಾಗದ ತೆಳ್ಳಗಾಯಿತು.
ಅದರ ಮೇಲೆ 'ನೆಲೆಸಿದೆ' ಎಂದು ಬರೆದರು;
ಬೆಳಕಿಗೆ ಹಿಡಿದರೆ ಕೊಕ್ಕೆಯ ಗುರುತು ಈಗಲೂ ಕಾಣುತ್ತದೆ.

ಸೂಜಿ ಚುಚ್ಚಿ ಇಡುವ ಮಾತು ಬಂತು, ಹೋಯಿತು.
ಕತ್ತಲಾದ ಮೇಲೆ ಡಬ್ಬಿಯನ್ನು ಮರಕ್ಕೆ ಆನಿಸಿದೆ.
ಹೆಣ್ಣಿರಬೇಕು, ಹೊಟ್ಟೆ ಭಾರ.
ಹತ್ತಿತು, ನಿಂತಿತು, ತೊಗಟೆಯಾಯಿತು.
ಟಾರ್ಚ್ ಹಾಕಿದರೆ ಎಲ್ಲಿದೆಯೆಂದು
ಬಿಟ್ಟ ನನಗೇ ತಿಳಿಯಲಿಲ್ಲ.

ಡಬ್ಬಿಯನ್ನು ಸೋಡಾ ಹಾಕಿ ತೊಳೆದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ.
ಮುಚ್ಚಳ ತೆಗೆದರೆ ಈಗಲೂ ಹೋತ.
ಪಾಳಿಯ ಊಟದ ಹೊತ್ತಿಗೆ
ಪಕ್ಕದ ಮೇಜಿನ ಗ್ಲೆನಿಸ್ ಮೂಗು ಮುಚ್ಚಿ ಕೇಳುತ್ತಾಳೆ,
ಇದೇನು, ನಿಮ್ಮ ಕಡೆಯ ಅಡುಗೆಯಾ?
ಇಲ್ಲ ಎನ್ನುತ್ತೇನೆ.
ನಿಮ್ಮ ಕಡೆಯದೇ.